ನಡುವಿನ ನದಿ ಗಡಿಯಾದ ಮೇಲೆ

ಆಗ್ನೇಯ ಏಷ್ಯಾದಲ್ಲಿ ಕಡಲತೀರವಿಲ್ಲದ ಏಕೈಕ ದೇಶ ಲಾವೋಸ್. ಉತ್ತರದಲ್ಲಿ ಚೀನಾ, ವಾಯವ್ಯದಲ್ಲಿ ಮ್ಯಾನ್ಮಾರ್, ಪಶ್ಚಿಮದಲ್ಲಿ ಥಾಯ್ಲೆಂಡ್, ದಕ್ಷಿಣದಲ್ಲಿ ಕಾಂಬೋಡಿಯಾ, ಪೂರ್ವದ ಉದ್ದಕ್ಕೂ ವಿಯೆಟ್ನಾಂ ಅದನ್ನು ಸುತ್ತುವರಿದಿವೆ. ವಿಸ್ತೀರ್ಣ 2,36,800 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕಕ್ಕಿಂತ ಹೆಚ್ಚು. 2015ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 65 ಲಕ್ಷ, ಅಂದರೆ ಬೆಂಗಳೂರಿಗಿಂತ ಕಡಿಮೆ. ನೆಲದ ಬಹುಪಾಲು ಬೆಟ್ಟ ಮತ್ತು ಕಾಡು. ರಾಜಧಾನಿ ವಿಯೆಂಟಿಯಾನ್, ನಾಣ್ಯ ಕಿಪ್, ಹೆಚ್ಚಿನವರು ಅನುಸರಿಸುವುದು ಥೇರವಾದ ಬೌದ್ಧ ಧರ್ಮ, 1975ರಿಂದ ಇಲ್ಲಿಯವರೆಗೆ ಆಳುತ್ತಿರುವುದು ಒಂದೇ ಪಕ್ಷ. ಯಾವ ಸಾಮಾನ್ಯಜ್ಞಾನದ ಪುಸ್ತಕದಲ್ಲೂ ಇಷ್ಟು ವಿವರ ಸಿಗುತ್ತದೆ. ಆದರೆ ಈ ವಿವರಗಳಲ್ಲಿ ಒಂದು ಇನ್ನೊಂದಕ್ಕೆ ಹೇಗೆ ಕಾರಣವಾಯಿತು ಎಂಬುದನ್ನು ತಿಳಿಯಬೇಕಾದರೆ ನಕ್ಷೆಯ ಪಶ್ಚಿಮ ಅಂಚಿನಲ್ಲಿ ಹರಿಯುವ ಮೆಕಾಂಗ್ ನದಿಯನ್ನು ನೋಡಬೇಕು ಎಂಬುದು ಈ ದೇಶದ ಕುರಿತು ಬಹುಕಾಲದಿಂದ ಓದುತ್ತ, ಅಲ್ಲಿ ಓಡಾಡಿ ಬಂದ ನನ್ನ ಅಭಿಪ್ರಾಯ.

ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹರಿಯುವ ಮೆಕಾಂಗ್, ಲಾವೋಸಿನ ಒಳಗೆ ಮತ್ತು ಅದರ ಗಡಿಯುದ್ದಕ್ಕೆ ಸುಮಾರು 1,900 ಕಿಲೋಮೀಟರ್ ಸಾಗುತ್ತದೆ. ಉತ್ತರದ ಲುವಾಂಗ್ ಪ್ರಬಾಂಗ್ ಮತ್ತು ದಕ್ಷಿಣದ ಚಂಪಾಸಕ್ ಪ್ರಾಂತ್ಯಗಳಲ್ಲಿ ನದಿಯ ಎರಡೂ ದಂಡೆಗಳು ಲಾವೋಸಿನವು. ಉಳಿದೆಡೆ ಬಹುತೇಕ ನದಿಯೇ ಥಾಯ್ಲೆಂಡಿನೊಂದಿಗಿನ ಗಡಿ. ಹಿಂದೆ ಹೀಗಿರಲಿಲ್ಲ. ಪೂರ್ವದ ಆನಮೈಟ್ ಬೆಟ್ಟಸಾಲಿನಿಂದ ಪಶ್ಚಿಮದ ಕೊರಾಟ್ ಪ್ರಸ್ಥಭೂಮಿಯವರೆಗೆ ಲಾವೊ ಜನ ನೆಲೆಸಿದ್ದರು, ಭತ್ತದ ಗದ್ದೆಗಳು ಎರಡೂ ದಂಡೆಗಳಲ್ಲಿದ್ದವು, ದೋಣಿಯೇ ಬಂಡಿಯಾಗಿದ್ದ ಕಾಲದಲ್ಲಿ ನದಿಯೇ ಹೆದ್ದಾರಿಯಾಗಿತ್ತು. ಇಂದಿಗೂ ಲಾವೊ ಮಾತಾಡುವವರ ಸಂಖ್ಯೆ ಲಾವೋಸಿಗಿಂತ ಥಾಯ್ಲೆಂಡಿನ ಈಶಾನ್ಯ ಭಾಗವಾದ ಈಸಾನ್ ಪ್ರದೇಶದಲ್ಲೇ ಹೆಚ್ಚು. ಒಂದು ಜನಾಂಗದ ಬಹುಪಾಲು ಜನ ತಮ್ಮ ಹೆಸರಿನ ದೇಶದ ಹೊರಗೆ, ನದಿಯ ಆಚೆ ದಂಡೆಯಲ್ಲಿ ಉಳಿದಿರುವ ಈ ಸಂಗತಿಯನ್ನು ಮೊದಲು ತಿಳಿದಾಗ ನನಗೆ ಆ ದೇಶದ ನಕ್ಷೆಯೇ ಬೇರೆಯಾಗಿ ಕಾಣತೊಡಗಿತು.

ಎರಡೂ ದಂಡೆಗಳ ಜನರನ್ನು ಇವತ್ತಿಗೂ ಕೂಡಿಸಿರುವುದು ಜಿಗುಟು ಅಕ್ಕಿಯ ಅನ್ನ. ಅಕ್ಕಿಯನ್ನು ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಬಿದಿರಿನಿಂದ ಹೆಣೆದ ಶಂಕುವಿನಾಕಾರದ ಬುಟ್ಟಿಗೆ ತುಂಬಿ, ಕುದಿಯುವ ನೀರಿನ ಗಡಿಗೆಯ ಬಾಯಿಗೆ ಕೂರಿಸುತ್ತಾರೆ. ನೀರು ಅಕ್ಕಿಯನ್ನು ಮುಟ್ಟುವುದಿಲ್ಲ. ಇಡ್ಲಿ ಬೇಯುವಂತೆ ಹಬೆಯಲ್ಲೇ ಬೇಯುತ್ತದೆ. ಅರ್ಧ ಬೆಂದಾಗ ಬುಟ್ಟಿಯನ್ನು ಒಮ್ಮೆ ಕುಲುಕಿ ಇಡೀ ಅನ್ನದ ಮುದ್ದೆಯನ್ನು ಬುಡಮೇಲು ಮಾಡುವ ಕೈಚಳಕ ನೋಡುವಂಥದ್ದು. ಬೆಂದ ಅನ್ನವನ್ನು ಹಲಗೆಯ ಮೇಲೆ ಹರಡಿ, ಬಿಸಿ ಆರಿಸಿ, ಮುಚ್ಚಳವಿರುವ ಸಣ್ಣ ಬಿದಿರಿನ ಬುಟ್ಟಿಗೆ ತುಂಬಿದರೆ ದಿನವಿಡೀ ಮೆತ್ತಗಿರುತ್ತದೆ. ಗದ್ದೆಗೆ ಹೋಗುವವರು ಅದನ್ನೇ ಹೆಗಲಿಗೆ ತೂಗುಹಾಕಿಕೊಂಡು ಹೋಗುತ್ತಾರೆ. ಉಣ್ಣುವಾಗ ಬಲಗೈಯಲ್ಲಿ ಚಿಕ್ಕ ತುತ್ತು ಮುರಿದು, ಬೆರಳುಗಳಲ್ಲಿ ಉಂಡೆ ಮಾಡಿ, ಸುಟ್ಟ ಮೆಣಸಿನಕಾಯಿಯ ಚಟ್ನಿಗೋ ಹುದುಗಿಸಿದ ಮೀನಿನ ರಸಕ್ಕೋ ಅದ್ದಿ ಬಾಯಿಗಿಡುತ್ತಾರೆ. ನಸುಕಿನಲ್ಲಿ ಕಾವಿಧಾರಿ ಭಿಕ್ಷುಗಳು ಸಾಲಾಗಿ ಬರುವಾಗ ಬೀದಿಯ ಬದಿಯಲ್ಲಿ ಮಂಡಿಯೂರಿದ ಹೆಂಗಸರು ಅವರ ಪಾತ್ರೆಗೆ ಹಾಕುವುದೂ ಇದೇ ಅನ್ನವನ್ನು.

ಲಾವೊ ಜನರು ಪ್ರಬಲರಾಗುವುದಕ್ಕೆ ಬಹಳ ಮುಂಚೆ ಈ ನದಿಯ ದಂಡೆಗೆ ಭಾರತದ ಹೆಸರುಗಳು ಬಂದಿದ್ದವು. ಚಂಪಾಸಕ್‌ನಲ್ಲಿ ಮೆಕಾಂಗಿನ ಪಶ್ಚಿಮಕ್ಕೆ ಒಂದು ಬೆಟ್ಟವಿದೆ. ಅದರ ತುದಿಯಲ್ಲಿ ಲಿಂಗದ ಆಕಾರದ ಬಂಡೆಯೊಂದು ತಾನಾಗಿಯೇ ಎದ್ದು ನಿಂತಿದೆ. ಹಳೆಯ ಶಾಸನಗಳಲ್ಲಿ ಅದು ಲಿಂಗಪರ್ವತ. ಅದರ ಬುಡದಲ್ಲಿ, ನದಿಯ ದಂಡೆಯ ಮೇಲೆ ಶ್ರೇಷ್ಠಪುರವೆಂಬ ಊರಿತ್ತು. ಅಲ್ಲಿ ದೊರೆತ ಐದನೆಯ ಶತಮಾನದ ಸಂಸ್ಕೃತ ಶಾಸನದಲ್ಲಿ ದೇವಾನೀಕನೆಂಬ ಅರಸ ಒಂದು ತೀರ್ಥವನ್ನು ಸ್ಥಾಪಿಸಿ ಅದಕ್ಕೆ ಕುರುಕ್ಷೇತ್ರವೆಂದು ಹೆಸರಿಟ್ಟ ಸಂಗತಿಯಿದೆ. ಕುರುಕ್ಷೇತ್ರವೆಂದರೆ ಯುದ್ಧವನ್ನೇ ನೆನೆಯುವ ನಮಗೆ, ಅದೇ ಹೆಸರನ್ನು ಪಾಪ ತೊಳೆಯುವ ತೀರ್ಥಕ್ಕಾಗಿ ಆರಿಸಿಕೊಂಡು ಅಷ್ಟು ದೂರದ ನದೀತೀರದಲ್ಲಿ ನೆಟ್ಟ ಒಬ್ಬ ದೊರೆಯಿದ್ದನೆಂಬುದು ರೋಮಾಂಚನ ತರುವ ಸಂಗತಿ. ಮುಂದೆ ಕಾಂಬೋಡಿಯಾದ ಖಮೇರ್ ಅರಸರು ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ ಶಿವಾಲಯವೇ ಇಂದಿನ ವಾಟ್ ಫೂ. ನದಿಯ ಕಡೆಯಿಂದ ಆರಂಭವಾಗುವ ನೇರ ದಾರಿ, ಅದರ ಅಕ್ಕಪಕ್ಕದಲ್ಲಿ ಕೆರೆಗಳು ಮತ್ತು ಕಲ್ಲಿನ ಮಂಟಪಗಳು, ಆಮೇಲೆ ಸವೆದು ವಾಲಿದ ಕಡಿದಾದ ಮೆಟ್ಟಿಲುಗಳು, ಕೊನೆಗೆ ಬಂಡೆಯ ಬುಡದಲ್ಲಿ ಗರ್ಭಗುಡಿ. ಹಿಂದಿನ ಬಂಡೆಯಿಂದ ಜಿನುಗುವ ಬುಗ್ಗೆಯ ನೀರನ್ನು ಕಲ್ಲಿನ ದೋಣಿಗಳ ಮೂಲಕ ಹಾಯಿಸಿ ಒಳಗಿನ ಲಿಂಗದ ಮೇಲೆ ಸದಾ ಬೀಳುವಂತೆ ಮಾಡಿದ್ದರು. ಈಗ ಅಲ್ಲಿ ಲಿಂಗವಿಲ್ಲ, ಬುದ್ಧನ ಮೂರ್ತಿಗಳಿವೆ; ಬುಗ್ಗೆಯ ನೀರನ್ನು ಮಾತ್ರ ಜನ ಇಂದಿಗೂ ತಲೆಗೆ ಚಿಮುಕಿಸಿಕೊಳ್ಳುತ್ತಾರೆ. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಕುಸಿದ ಮಂಟಪಗಳನ್ನು ಜೀರ್ಣೋದ್ಧಾರ ಮಾಡುವ ಕೆಲಸದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ತೊಡಗಿಕೊಂಡಿದೆ.

ಲಾವೊ ಜನರ ಮೊದಲ ದೊಡ್ಡ ರಾಜ್ಯ ಲಾನ್ ಸಾಂಗ್ 1353ರಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಫಾ ಙುಮ್ ಖಮೇರರ ರಾಜಧಾನಿ ಅಂಕೋರಿನ ಆಸ್ಥಾನದಲ್ಲಿ ಬೆಳೆದವನು, ಖಮೇರ್ ಸೈನ್ಯದ ನೆರವಿನಿಂದ ಮೆಕಾಂಗಿನ ಮೇಲ್ಮುಖವಾಗಿ ಬಂದು ಇಂದಿನ ಲುವಾಂಗ್ ಪ್ರಬಾಂಗ್‌ನಲ್ಲಿ ಸಿಂಹಾಸನವೇರಿದವನು. 1560ರಲ್ಲಿ ಅರಸ ಸೇಟ್ಠಾಥಿರಾತ್ ರಾಜಧಾನಿಯನ್ನು ವಿಯೆಂಟಿಯಾನಿಗೆ ವರ್ಗಾಯಿಸಿದ. ಇಂದು ದೇಶದ ಲಾಂಛನದಲ್ಲಿರುವ ಥಾಟ್ ಲುವಾಂಗ್ ಸ್ತೂಪ ಅವನ ಕಾಲದ್ದು. ಪಚ್ಚೆ ಬುದ್ಧನೆಂದು ಪ್ರಸಿದ್ಧವಾದ ಮೂರ್ತಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಪೂಜೆಗೊಂಡದ್ದು ವಿಯೆಂಟಿಯಾನಿನಲ್ಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಉತ್ತರಾಧಿಕಾರದ ಜಗಳದಿಂದ ರಾಜ್ಯ ಮೂರು ಹೋಳಾಯಿತು. ದುರ್ಬಲಗೊಂಡ ಹೋಳುಗಳನ್ನು ಸಯಾಂ, ಅಂದರೆ ಇಂದಿನ ಥಾಯ್ಲೆಂಡ್, ತನ್ನ ಅಧೀನಕ್ಕೆ ತಂದುಕೊಂಡಿತು. 1779ರಲ್ಲಿ ಪಚ್ಚೆ ಬುದ್ಧನನ್ನು ಸಯಾಮಿನ ಸೇನೆ ಒಯ್ದಿತು, ಅದು ಇಂದಿಗೂ ಬ್ಯಾಂಕಾಕಿನಲ್ಲಿದೆ. ವಿಯೆಂಟಿಯಾನಿನ ಕೊನೆಯ ಅರಸ ಅನುವೊಂಗ್ 1826ರ ಕೊನೆಗೆ ಸಯಾಮಿನ ವಿರುದ್ಧ ಬಂಡೆದ್ದು ಸೋತಾಗ ನಗರವನ್ನೇ ಸುಟ್ಟು ನೆಲಸಮ ಮಾಡಲಾಯಿತು, ಪೂರ್ವ ದಂಡೆಯ ಜನರನ್ನು ಗುಂಪುಗುಂಪಾಗಿ ನದಿ ದಾಟಿಸಿ ಪಶ್ಚಿಮದಲ್ಲಿ ನೆಲೆಗೊಳಿಸಲಾಯಿತು. ಈಸಾನ್ ಪ್ರದೇಶದಲ್ಲಿ ಲಾವೊ ಜನರ ಸಂಖ್ಯೆ ಅಷ್ಟೊಂದು ಹೆಚ್ಚಿರುವುದಕ್ಕೆ ಈ ಬಲವಂತದ ವಲಸೆಯೂ ಒಂದು ಕಾರಣ.

ಆ ಬೆಂಕಿಯಲ್ಲಿ ಉಳಿದುಕೊಂಡ ದೇಗುಲ ವಾಟ್ ಸಿ ಸಾಕೇತ್. ಅದರ ಪ್ರಾಕಾರದ ಒಳಗೋಡೆಯ ತುಂಬ ಅಂಗೈಯಗಲದ ಗೂಡುಗಳಿವೆ, ಪ್ರತಿ ಗೂಡಿನಲ್ಲೂ ಜೋಡಿ ಬುದ್ಧರು. ಅವುಗಳ ಕೆಳಗೆ ಜಗಲಿಯುದ್ದಕ್ಕೂ ಕಂಚಿನ, ಕಲ್ಲಿನ, ಮರದ ದೊಡ್ಡ ಮೂರ್ತಿಗಳು ಸಾಲಾಗಿ ಕುಳಿತಿವೆ. ಒಂದೆಡೆ ಕಂಬಿಗಳ ಹಿಂದೆ ತಲೆ ಮುರಿದ, ತೋಳು ಕಳೆದುಕೊಂಡ, ಕರಗಿ ಅಂದಗೆಟ್ಟ ಮೂರ್ತಿಗಳನ್ನು ಒಟ್ಟಿದ್ದಾರೆ. ಅವು 1828ರ ಯುದ್ಧದಲ್ಲಿ ಹಾಳಾದವು. ಯಾವ ವಿವರಣೆಯ ಫಲಕಕ್ಕಿಂತಲೂ ಆ ರಾಶಿ ನನಗೆ ಹೆಚ್ಚು ತಿಳಿಸಿತು. ಅಲ್ಲಿಂದ ತುಸು ದೂರದ ನದೀತೀರದ ಉದ್ಯಾನದಲ್ಲಿ 2010ರಲ್ಲಿ ನಿಲ್ಲಿಸಿದ ಅನುವೊಂಗನ ಪ್ರತಿಮೆಯಿದೆ. ಒಂದು ಕೈಯಲ್ಲಿ ಕತ್ತಿಯ ಹಿಡಿ, ಇನ್ನೊಂದು ಕೈಯನ್ನು ಅವನು ಮೆಕಾಂಗಿನತ್ತ ಚಾಚಿದ್ದಾನೆ, ಎದುರಿಗೆ ಕಾಣುವುದು ಥಾಯ್ಲೆಂಡ್.

ನದಿ ಗಡಿಯಾದದ್ದು ಫ್ರೆಂಚರಿಂದ. ವಿಯೆಟ್ನಾಮನ್ನು ವಶಪಡಿಸಿಕೊಂಡಿದ್ದ ಅವರಿಗೆ ಮೆಕಾಂಗ್ ಚೀನಾದೊಳಕ್ಕೆ ಹೋಗುವ ಜಲಮಾರ್ಗವಾಗುವುದೆಂಬ ಆಸೆಯಿತ್ತು. 1866ರಿಂದ 1868ರವರೆಗೆ ಲಾಗ್ರೇ ಮತ್ತು ಗಾರ್ನಿಯೆ ನೇತೃತ್ವದ ತಂಡ ನದಿಯುದ್ದಕ್ಕೆ ಸಾಗಿ ನೋಡಿದಾಗ, ದಕ್ಷಿಣದ ಖೋನ್ ಜಲಪಾತಗಳು ಆ ಆಸೆಗೆ ಅಡ್ಡವಾಗಿರುವುದು ಗೊತ್ತಾಯಿತು. ಆದರೂ ನದಿಯ ಮೋಹ ಬಿಡಲಿಲ್ಲ. 1893ರಲ್ಲಿ ಯುದ್ಧನೌಕೆಗಳನ್ನು ಬ್ಯಾಂಕಾಕಿಗೆ ನುಗ್ಗಿಸಿ, ಸಯಾಮನ್ನು ಹೆದರಿಸಿ, ಮೆಕಾಂಗಿನ ಪೂರ್ವ ದಂಡೆಯ ನೆಲವನ್ನೆಲ್ಲ ಒಪ್ಪಂದದ ಮೂಲಕ ಪಡೆದುಕೊಂಡರು. ಮುಂದೆ ಪಶ್ಚಿಮದ ಸಯಾಬುರಿ ಮತ್ತು ಚಂಪಾಸಕ್ ಭಾಗಗಳೂ ಸೇರಿದವು, ಉಳಿದದ್ದು ಸಯಾಮಿನಲ್ಲೇ ಉಳಿಯಿತು. ಜಲಪಾತವನ್ನು ತಪ್ಪಿಸಲು ಡಾನ್ ಖೋನ್ ಮತ್ತು ಡಾನ್ ಡೆಟ್ ದ್ವೀಪಗಳ ಮೇಲೆ ಏಳು ಕಿಲೋಮೀಟರಿನ ರೈಲುಹಳಿ ಹಾಕಿ, ಸರಕನ್ನೂ ದೋಣಿಗಳನ್ನೂ ಅದರ ಮೇಲೆ ಸಾಗಿಸಿದರು. ತುಕ್ಕು ಹಿಡಿದ ಉಗಿಬಂಡಿಯೊಂದು ಈಗಲೂ ಆ ದ್ವೀಪದಲ್ಲಿದೆ. ನದಿ ಹೆದ್ದಾರಿಯಾಗಲಿಲ್ಲ, ಆದರೆ ಅದಕ್ಕಾಗಿ ಎಳೆದ ಗೆರೆ ಉಳಿಯಿತು. ಸಯಾಮಿನ ಹಿಡಿತದಿಂದ ಪೂರ್ವ ದಂಡೆಯನ್ನು ಫ್ರೆಂಚರು ಬಿಡಿಸದಿದ್ದರೆ ಲಾವೋಸ್ ಎಂಬ ದೇಶವೇ ಇರುತ್ತಿರಲಿಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆ ದೇಶಕ್ಕೆ ದಕ್ಕಿದ್ದು ಬೆಟ್ಟಗಳು ಹೆಚ್ಚು, ಗದ್ದೆಗಳು ಕಡಿಮೆ ಇರುವ ಅರ್ಧ. ಕಡಲಿಗೆ ಹೋಗುವ ದಾರಿಯಿಲ್ಲದ ಅರ್ಧ. ಫ್ರೆಂಚರು ಅದನ್ನು ವಿಯೆಟ್ನಾಮಿನ ಹಿತ್ತಿಲಾಗಿಯೇ ನಡೆಸಿಕೊಂಡರು.

1953ರಲ್ಲಿ ಪೂರ್ಣ ಸ್ವಾತಂತ್ರ್ಯ ಬಂತು. ಮರುವರ್ಷ, ಫ್ರೆಂಚರ ಇಂಡೋಚೀನಾ ಯುದ್ಧವನ್ನು ನಿಲ್ಲಿಸಿದ ಜಿನೀವಾ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ನೇಮಕವಾದ ಅಂತರರಾಷ್ಟ್ರೀಯ ಆಯೋಗದಲ್ಲಿ ಕೆನಡಾ ಮತ್ತು ಪೋಲೆಂಡ್ ಸದಸ್ಯರಾಗಿದ್ದವು, ಅಧ್ಯಕ್ಷತೆ ಭಾರತದ್ದಾಗಿತ್ತು. 1962ರಲ್ಲಿ ಹದಿನಾಲ್ಕು ದೇಶಗಳು ಜಿನೀವಾದಲ್ಲಿ ಸೇರಿ ಲಾವೋಸಿನ ತಟಸ್ಥತೆಯನ್ನು ಗೌರವಿಸುವುದಾಗಿ ಸಹಿ ಹಾಕಿದವು. ಸಹಿ ಹಾಕಿದವರಲ್ಲಿ ಅಮೆರಿಕವೂ ಇತ್ತು, ಉತ್ತರ ವಿಯೆಟ್ನಾಮೂ ಇತ್ತು. ಇಬ್ಬರೂ ಆ ಮಾತನ್ನು ಉಳಿಸಿಕೊಳ್ಳಲಿಲ್ಲ. ಉತ್ತರ ವಿಯೆಟ್ನಾಂ ತನ್ನ ಸೈನಿಕರನ್ನೂ ಸರಕನ್ನೂ ದಕ್ಷಿಣಕ್ಕೆ ಸಾಗಿಸುವ ಹೊ ಚಿ ಮಿನ್ ಹಾದಿಯನ್ನು ಲಾವೋಸಿನ ಪೂರ್ವದ ಕಾಡುಗಳಲ್ಲಿ ಹರಡಿತು. ಅಮೆರಿಕದ ಗುಪ್ತಚರ ಸಂಸ್ಥೆ ಬೆಟ್ಟದ ಮೇಲಿನ ಹ್ಮಾಂಗ್ ಜನರನ್ನು ಸೇರಿಸಿ ಗುಪ್ತ ಸೈನ್ಯ ಕಟ್ಟಿತು, ಮತ್ತು ತನ್ನ ಪ್ರಜೆಗಳಿಗೂ ತಿಳಿಯದಂತೆ ಆಕಾಶದಿಂದ ಬಾಂಬು ಸುರಿಯತೊಡಗಿತು.

ಆ ಅಂಕಿಗಳನ್ನು ಬರೆಯುವಾಗ ಇಂದಿಗೂ ಮನಸ್ಸು ಭಾರವಾಗುತ್ತದೆ. 1964ರಿಂದ 1973ರವರೆಗೆ ಸುಮಾರು 5,80,000 ಬಾರಿ ವಿಮಾನಗಳು ಹಾರಿ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳನ್ನು ಹಾಕಿದವು. ಒಂಬತ್ತು ವರ್ಷ ಹಗಲೂ ರಾತ್ರಿ ಎಂಟು ನಿಮಿಷಕ್ಕೊಂದು ವಿಮಾನ ಬಂದು ತನ್ನ ಹೊರೆಯನ್ನು ಸುರಿದು ಹೋದಂತಾಯಿತು. ಅವುಗಳಲ್ಲಿ ಬಹಳಷ್ಟು ಗೊಂಚಲು ಬಾಂಬುಗಳು: ಒಂದು ದೊಡ್ಡ ಕವಚ ಗಾಳಿಯಲ್ಲಿ ಬಿಚ್ಚಿಕೊಂಡು ನೂರಾರು ಸಣ್ಣ ಬಾಂಬುಗಳನ್ನು ಚೆಲ್ಲುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಈ ಲೋಹದ ಉಂಡೆಗಳನ್ನು ಅಲ್ಲಿಯ ಜನ ‘ಬಾಂಬಿ’ ಎನ್ನುತ್ತಾರೆ. ಹೀಗೆ ಚೆಲ್ಲಿದ ಸುಮಾರು 27 ಕೋಟಿ ಬಾಂಬಿಗಳಲ್ಲಿ 8 ಕೋಟಿಯಷ್ಟು ಸಿಡಿಯದೆ ಮಣ್ಣಿನಲ್ಲೇ ಉಳಿದವೆಂಬುದು ಅಂದಾಜು. ಮಳೆಗೆ ಮಣ್ಣು ಕೊಚ್ಚಿಹೋದಾಗ ಅವು ಮೇಲೆ ಬರುತ್ತವೆ. ಗುದ್ದಲಿಯ ಏಟಿಗೆ ಸಿಡಿಯುತ್ತವೆ, ನೆಲದ ಮೇಲೆ ಹೂಡಿದ ಒಲೆಯ ಕಾವಿಗೆ ಸಿಡಿಯುತ್ತವೆ, ಮಕ್ಕಳು ಚೆಂಡೆಂದು ಎತ್ತಿಕೊಂಡಾಗ ಸಿಡಿಯುತ್ತವೆ. ಯುದ್ಧ ಮುಗಿದ ಮೇಲೆ ಹೀಗೆ ಸತ್ತವರು ಮತ್ತು ಕೈಕಾಲು ಕಳೆದುಕೊಂಡವರು ಸೇರಿ ಸುಮಾರು 20,000 ಜನ.

ಸಿಯೆಂಗ್ ಖುವಾಂಗ್ ಪ್ರಾಂತ್ಯದಲ್ಲಿ, ಎರಡು ಸಾವಿರ ವರ್ಷಗಳಷ್ಟು ಹಳೆಯ ಕಲ್ಲಿನ ಬೃಹತ್ ಜಾಡಿಗಳು ಹರಡಿರುವ ಬಯಲಿನಲ್ಲಿ, ನಡೆಯುವ ದಾರಿಯ ಎರಡೂ ಬದಿಗೆ ಬಿಳಿ ಮತ್ತು ಕೆಂಪು ಗುರುತಿನ ಚಿಕ್ಕ ಕಲ್ಲುಗಳನ್ನು ನೆಲದಲ್ಲಿ ಹೂತಿದ್ದಾರೆ. ಬಿಳಿಯ ಕಡೆ ನಡೆಯಬಹುದು. ಕೆಂಪಿನ ಆಚೆಗೆ ಮೇಲ್ಮೈಯನ್ನಷ್ಟೇ ಪರೀಕ್ಷಿಸಲಾಗಿದೆ. ಜಾಡಿಗಳ ನಡುವೆಯೇ ಬಾಂಬು ಬಿದ್ದ ಹೊಂಡಗಳಿವೆ, ಅವುಗಳಲ್ಲಿ ಹುಲ್ಲು ಬೆಳೆದಿದೆ. ಆ ಪ್ರಾಂತ್ಯದ ನಾಪಿಯಾ ಎಂಬ ಹಳ್ಳಿಯಲ್ಲಿ ಯುದ್ಧದ ಅಲ್ಯುಮಿನಿಯಂ ಚೂರುಗಳನ್ನು ಮಣ್ಣಿನ ಕುಲುಮೆಯಲ್ಲಿ ಕರಗಿಸಿ, ಮರ ಮತ್ತು ಬೂದಿಯ ಅಚ್ಚಿಗೆ ಎರೆದು ಚಮಚ ಮಾಡುತ್ತಾರೆ; ನೂಡಲ್ಸ್ ಅಂಗಡಿಗಳಲ್ಲಿ ಆ ಹಗುರವಾದ ಚಮಚಗಳೇ ಕೈಗೆ ಬರುತ್ತವೆ. ನೆಲವನ್ನು ಶುದ್ಧಗೊಳಿಸುವ ತಂಡಗಳು ಹಗ್ಗ ಕಟ್ಟಿ ಪಟ್ಟಿಗಳಾಗಿ ವಿಂಗಡಿಸಿದ ಹೊಲದಲ್ಲಿ ಲೋಹಶೋಧಕ ಹಿಡಿದು ಅಡಿ ಅಡಿಯಾಗಿ ಮುಂದುವರಿಯುತ್ತವೆ. ಮಹಿಳೆಯರೇ ಇರುವ ತಂಡಗಳೂ ಇವೆ. ವಿಶ್ವಸಂಸ್ಥೆಯ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಲಾವೋಸ್ ತನ್ನದೇ ಆದ ಹದಿನೆಂಟನೆಯದನ್ನು ಸೇರಿಸಿಕೊಂಡಿದೆ, ಅದು ಸಿಡಿಯದ ಬಾಂಬುಗಳಿಂದ ಜನರ ಜೀವವನ್ನು ಕಾಪಾಡುವ ಗುರಿ. ಗೊಂಚಲು ಬಾಂಬುಗಳನ್ನು ನಿಷೇಧಿಸುವ ಒಪ್ಪಂದ 2010ರಲ್ಲಿ ಜಾರಿಗೆ ಬಂದಾಗ ಸದಸ್ಯ ರಾಷ್ಟ್ರಗಳ ಮೊದಲ ಸಭೆ ನಡೆದದ್ದೂ ವಿಯೆಂಟಿಯಾನಿನಲ್ಲೇ. ಅಮೆರಿಕ ಅದಕ್ಕೆ ಸಹಿ ಹಾಕಿಲ್ಲ. ಒಂದು ಕಾಲಕ್ಕೆ ಲಾವೋಸಿನ ಶಾಂತಿಗೆ ಕಾವಲಾಗಿ ನೇಮಕಗೊಂಡಿದ್ದ ನಮ್ಮ ದೇಶವೂ ಸಹಿ ಹಾಕಿಲ್ಲ ಎಂಬುದು ನನಗೆ ನೋವಿನ ವಿಷಯ.

1975ರ ಡಿಸೆಂಬರ್ 2ರಂದು ಅರಸೊತ್ತಿಗೆ ಕೊನೆಗೊಂಡು ಲಾವೋಸ್ ಜನತಾ ಪ್ರಜಾಸತ್ತಾತ್ಮಕ ಗಣರಾಜ್ಯವಾಯಿತು. ಕೊನೆಯ ಅರಸ ಸವಾಂಗ್ ವತ್ಥನ ‘ಮರುಶಿಕ್ಷಣ’ ಶಿಬಿರದಲ್ಲಿ ತೀರಿಕೊಂಡ. ಆ ವರ್ಷಗಳಲ್ಲಿ ದೇಶದ ಜನಸಂಖ್ಯೆಯ ಹತ್ತನೆಯ ಒಂದು ಪಾಲಿನಷ್ಟು ಜನ ದೇಶ ಬಿಟ್ಟರು. ಅವರಲ್ಲಿ ಹೆಚ್ಚಿನವರು ಹೋದದ್ದು ಮೆಕಾಂಗನ್ನು ದಾಟಿ, ಎಷ್ಟೋ ಮಂದಿ ರಾತ್ರಿ ಈಜಿ, ಬಿದಿರಿನ ಕಟ್ಟುಗಳನ್ನು ತಬ್ಬಿಕೊಂಡು. ಗುಪ್ತ ಸೈನ್ಯದಲ್ಲಿದ್ದ ಹ್ಮಾಂಗ್ ಕುಟುಂಬಗಳು ಥಾಯ್ಲೆಂಡಿನ ಶಿಬಿರಗಳ ಮೂಲಕ ಅಮೆರಿಕದ ಮಿನೆಸೋಟದವರೆಗೂ ಹೋಗಿ ನೆಲೆಸಿದವು. 1986ರಲ್ಲಿ ಸರ್ಕಾರ ಸಾಮೂಹಿಕ ಕೃಷಿಯ ನೀತಿಯಿಂದ ಸರಿದು ಮಾರುಕಟ್ಟೆಗೆ ಬಾಗಿಲು ತೆರೆಯಿತು, 1997ರಲ್ಲಿ ದೇಶ ಆಗ್ನೇಯ ಏಷ್ಯಾದ ರಾಷ್ಟ್ರಗಳ ಒಕ್ಕೂಟವಾದ ಆಸಿಯಾನ್ ಸೇರಿತು. ಮಾರುಕಟ್ಟೆ ತೆರೆದಷ್ಟು ರಾಜಕೀಯ ತೆರೆದುಕೊಳ್ಳಲಿಲ್ಲ. 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಗ್ರಾಮಾಭಿವೃದ್ಧಿಯ ಕಾರ್ಯಕರ್ತ ಸೋಂಬಾತ್ ಸೋಂಫೋನ್ 2012ರ ಡಿಸೆಂಬರಿನಲ್ಲಿ ವಿಯೆಂಟಿಯಾನಿನ ಪೊಲೀಸ್ ತಪಾಸಣಾ ಕಟ್ಟೆಯೊಂದರ ಬಳಿ ವಾಹನ ನಿಲ್ಲಿಸಿದ ಮೇಲೆ ಕಾಣೆಯಾದರು. ಅಲ್ಲಿಂದ ಅವರನ್ನು ಕರೆದೊಯ್ದ ದೃಶ್ಯ ಕ್ಯಾಮೆರಾದಲ್ಲಿ ದಾಖಲಾಗಿತ್ತು.

ಕಡಲಿಲ್ಲದ, ಕಾರ್ಖಾನೆಗಳು ಕಡಿಮೆಯಿರುವ ದೇಶ ಮಾರಬಹುದಾದದ್ದು ಏನು? ದಕ್ಷಿಣದ ಬೊಲಾವೆನ್ ಪ್ರಸ್ಥಭೂಮಿಯ ಕಾಫಿ, ಬೆಟ್ಟದ ಖನಿಜ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನೀರಿನಿಂದ ತೆಗೆದ ವಿದ್ಯುತ್ತು. ಆಗ್ನೇಯ ಏಷ್ಯಾದ ಬ್ಯಾಟರಿಯಾಗುವುದು ಸರ್ಕಾರದ ಘೋಷಿತ ಆಸೆ. 2010ರಲ್ಲಿ 1,070 ಮೆಗಾವಾಟಿನ ನಾಮ್ ಥೂನ್ 2 ಯೋಜನೆ ಕೆಲಸ ಆರಂಭಿಸಿತು. 2019ರಲ್ಲಿ ಮೆಕಾಂಗಿನ ಮುಖ್ಯ ಹರಿವಿಗೇ ಅಡ್ಡಲಾಗಿ 1,285 ಮೆಗಾವಾಟಿನ ಸಯಾಬುರಿ ಸ್ಥಾವರ ಸಿದ್ಧವಾಯಿತು, ಅದರ ವಿದ್ಯುತ್ತಿನ ಬಹುಪಾಲು ಹೋಗುವುದು ಥಾಯ್ಲೆಂಡಿಗೆ. 2018ರ ಜುಲೈ 23ರಂದು ದಕ್ಷಿಣದಲ್ಲಿ ಕಟ್ಟುತ್ತಿದ್ದ ಯೋಜನೆಯೊಂದರ ಬದಿಯ ಅಣೆಕಟ್ಟು ಒಡೆದು ಆಟ್ಟಪು ಪ್ರಾಂತ್ಯದ ಹಳ್ಳಿಗಳು ಕೊಚ್ಚಿಹೋದವು, ಸಾವಿರಾರು ಜನ ಮನೆ ಕಳೆದುಕೊಂಡರು. ಅಣೆಕಟ್ಟು ಬೇಡವೆಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. ವಿದ್ಯುತ್ತಿನ ಹಣ ಬರದಿದ್ದರೆ ಶಾಲೆಗೂ ಆಸ್ಪತ್ರೆಗೂ ಎಲ್ಲಿಂದ ತರುವುದೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದವರು ಅಲ್ಲಿಯವರು. ಆದರೂ, ಮೀನು ಮತ್ತು ಹೂಳು ಎರಡನ್ನೂ ತಡೆಯುವ ಗೋಡೆಗಳ ಲಾಭ ಪಕ್ಕದ ದೇಶಕ್ಕೆ ಹೋಗಿ, ನಷ್ಟ ದಂಡೆಯ ಮೀನುಗಾರರಿಗೆ ಉಳಿಯುವ ಲೆಕ್ಕಾಚಾರ ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

2021ರ ಡಿಸೆಂಬರಿನಲ್ಲಿ ಚೀನಾ ಗಡಿಯ ಬೋಟೆನ್‌ನಿಂದ ವಿಯೆಂಟಿಯಾನಿಗೆ ರೈಲು ಓಡತೊಡಗಿತು. ಸುಮಾರು 600 ಕೋಟಿ ಡಾಲರ್ ವೆಚ್ಚದ ಈ ಹಳಿ ಬೆಟ್ಟಗಳನ್ನು ಕೊರೆದ ಸುರಂಗಗಳ ಮೂಲಕ ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗುತ್ತದೆ. ವಿಯೆಂಟಿಯಾನಿನಿಂದ ಲುವಾಂಗ್ ಪ್ರಬಾಂಗ್‌ಗೆ ಘಾಟಿಯ ರಸ್ತೆಯಲ್ಲಿ ಇಡೀ ಹಗಲು ಹಿಡಿಯುತ್ತಿದ್ದ ಪ್ರಯಾಣ ಈಗ ಸುಮಾರು ಎರಡು ಗಂಟೆಗೆ ಇಳಿದಿದೆ. ಕಡಲಿಲ್ಲದ ದೇಶವನ್ನು ನಡುವಿನ ದಾರಿಯನ್ನಾಗಿ ಮಾಡುವ ಈ ಯೋಚನೆ ನನಗೆ ಹಿಡಿಸುತ್ತದೆ, ಸಾಲದ ಭಾರ ಮಾತ್ರ ಭಯ ಹುಟ್ಟಿಸುತ್ತದೆ. ರೈಲು ಮತ್ತು ಅಣೆಕಟ್ಟುಗಳಿಗಾಗಿ ಪಡೆದ ಸಾಲದಲ್ಲಿ ದೊಡ್ಡ ಪಾಲು ಚೀನಾದ್ದು. 2021ರ ಆರಂಭದಲ್ಲಿ ಡಾಲರಿಗೆ 9,500ರ ಆಸುಪಾಸಿನಲ್ಲಿದ್ದ ಕಿಪ್, 2023ರ ಕೊನೆಗೆ 20,000 ದಾಟಿತ್ತು. ಆ ವರ್ಷದ ಆರಂಭದಲ್ಲಿ ಹಣದುಬ್ಬರ ಶೇ. 40 ಮೀರಿತು.

ಸಂಬಳ ಕಿಪ್‌ನಲ್ಲಿ, ಮಾರುಕಟ್ಟೆಯ ಸಾಮಾನು ಬಹುತೇಕ ಥಾಯ್ಲೆಂಡಿನದ್ದು. ಹೀಗಾಗಿ ಲಾವೋಸಿನ ಯುವಕ ಯುವತಿಯರು ಕಟ್ಟಡ ಕೆಲಸಕ್ಕೆ, ಹೋಟೆಲಿಗೆ, ಮನೆಗೆಲಸಕ್ಕೆ ನದಿ ದಾಟಿ ಥಾಯ್ಲೆಂಡಿಗೆ ಹೋಗುತ್ತಿದ್ದಾರೆ. ಮೊದಲ ಮೈತ್ರಿ ಸೇತುವೆ 1994ರಲ್ಲಿ ಆಸ್ಟ್ರೇಲಿಯಾದ ನೆರವಿನಿಂದ ವಿಯೆಂಟಿಯಾನಿನ ಬಳಿ ತೆರೆಯಿತು, 2013ರ ಹೊತ್ತಿಗೆ ಅಂಥವು ನಾಲ್ಕಾದವು. ಆಚೆ ದಂಡೆಯಲ್ಲಿ ಇಳಿದರೆ ಅದೇ ಮಾತು, ಅದೇ ಅನ್ನ, ಬಾಯಿಯಿಂದ ಊದುವ ಅದೇ ಬಿದಿರಿನ ವಾದ್ಯ ಖೇನ್. ಬೇರೆಯಾಗಿರುವುದು ಕೂಲಿಯ ದರ. ಈಚೆಗೆ ಲುವಾಂಗ್ ಪ್ರಬಾಂಗ್‌ನಿಂದ ಸುಮಾರು 25 ಕಿಲೋಮೀಟರ್ ಮೇಲೆ, ಯುನೆಸ್ಕೊದ ಆತಂಕದ ನಡುವೆಯೂ, ಮೆಕಾಂಗಿಗೆ ಇನ್ನೊಂದು ದೊಡ್ಡ ಅಣೆಕಟ್ಟಿನ ಕಾಮಗಾರಿ ಆರಂಭವಾಗಿದೆ, ಅದರ ವಿದ್ಯುತ್ತಿನ ಖರೀದಿಗೆ 2022ರಲ್ಲಿ ಒಪ್ಪಂದ ಮಾಡಿಕೊಂಡಿರುವುದೂ ಥಾಯ್ಲೆಂಡೇ.